ಕಿಕ್ಕೇರಿಯ ಮಲ್ಲಿಗೆ, ಮೇಲುಕೋಟೆಯ ಹಣತೆ

ಕೃಷ್ಣರಾಜಪೇಟೆಯಿಂದ ಶ್ರವಣಬೆಳಗೊಳದ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಹೋಬಳಿ ಊರು ಕಿಕ್ಕೇರಿ. ಇಲ್ಲೊಂದು ಕೆರೆಯಿದೆ, 1171ರಲ್ಲಿ ಕಟ್ಟಿದ ಹೊಯ್ಸಳರ ಕಾಲದ ಬ್ರಹ್ಮೇಶ್ವರ ಗುಡಿಯಿದೆ. ಶಿಲ್ಪ ನೋಡುವವರು ಆ ಗುಡಿಗಾಗಿಯೇ ಬರುತ್ತಾರೆ. ಉಳಿದ ಕನ್ನಡಿಗರಿಗೆ ಕಿಕ್ಕೇರಿ ಎಂದರೆ ಮೊದಲು ನೆನಪಾಗುವುದು ಹಾಡು. ಕೆ.ಎಸ್. ನರಸಿಂಹಸ್ವಾಮಿ 1915ರ ಜನವರಿ 26ರಂದು ಹುಟ್ಟಿದ್ದು ಇದೇ ಊರಿನಲ್ಲಿ. ಅವರ ಹೆಸರಿನ ಮುಂದಿನ ‘ಕೆ’ ಕಿಕ್ಕೇರಿಯದೇ.

‘ಮೈಸೂರ ಮಲ್ಲಿಗೆ’ ಹೊರಬಂದದ್ದು 1942ರಲ್ಲಿ. ಕವಿಗೆ ಆಗ ಇಪ್ಪತ್ತೇಳು ವರ್ಷ, ಕೈಯಲ್ಲಿ ಸರ್ಕಾರಿ ಕಚೇರಿಯ ಸಣ್ಣ ಸಂಬಳದ ಕೆಲಸ. ಮದುವೆಯಾದ ಹೊಸಬರಿಗೆ ಆ ಪುಸ್ತಕವನ್ನೇ ಉಡುಗೊರೆ ಕೊಡುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಮುಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ರಾಗಸಂಯೋಜನೆಯಲ್ಲಿ ಪುಸ್ತಕ ಮುಟ್ಟದವರ ಮನೆಗೂ ಪದ್ಯಗಳು ತಲುಪಿದವು. ಟಿ.ಎಸ್. ನಾಗಾಭರಣ ಅದೇ ಹೆಸರಿನಲ್ಲಿ ಸಿನಿಮಾ ಮಾಡಿದಾಗ ಗೀತರಚನೆಗೆ ರಾಷ್ಟ್ರಪ್ರಶಸ್ತಿ ಬಂತು. ಕವಿಗೆ ಆ ಹೊತ್ತಿಗೆ ಎಪ್ಪತ್ತೈದು ದಾಟಿತ್ತು.

ಈ ಸೀಮೆಯ ಯಾವುದಾದರೂ ಸುಗಮ ಸಂಗೀತದ ಸಂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಬೇಕು. ಹಾರ್ಮೋನಿಯಂ ಎತ್ತುಗಡೆಯ ಎರಡು ಸ್ವರ ನುಡಿಸುವಷ್ಟರಲ್ಲಿ ಯಾವ ಹಾಡೆಂದು ಸಭೆಗೆ ಗೊತ್ತಾಗಿರುತ್ತದೆ. ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತಿದ್ದ ಅಜ್ಜಿಯ ತುಟಿ ತಾನಾಗಿ ಅಲ್ಲಾಡುತ್ತದೆ. ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಪಲ್ಲವಿ ಮಾತ್ರ ಬರುತ್ತದೆ, ಚರಣಕ್ಕೆ ಅಜ್ಜಿಯ ಮುಖ ನೋಡುತ್ತಾಳೆ. ಕವಿಯ ಹೆಸರಲ್ಲಿ ನಡೆಯುವ ಉತ್ಸವಗಳ ನಿಜವಾದ ಕೆಲಸ ಆಗುವುದು ಆ ಅಜ್ಜಿ ಮೊಮ್ಮಗಳ ನಡುವೆ. ವೇದಿಕೆಯ ಹಾರ, ಶಾಲುಗಳನ್ನು ಕಡಿಮೆ ಮಾಡಿ ಆ ಚರಣವನ್ನು ಇನ್ನೊಂದು ಸಲ ಹಾಡಿಸಿದರೆ ಒಳ್ಳೆಯದು ಎಂದೇ ನನಗನ್ನಿಸುತ್ತದೆ.

ನರಸಿಂಹಸ್ವಾಮಿಯವರು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದವರು. ಬರ್ನ್ಸ್ ಹುಟ್ಟಿದ್ದು ಜನವರಿ 25ಕ್ಕೆ, ನಮ್ಮ ಕವಿ ಮರುದಿನ. ಬರ್ನ್ಸ್ ತೀರಿಕೊಂಡ ಐದು ವರ್ಷಕ್ಕೆ, 1801ರಲ್ಲಿ, ಕೆಲವೇ ಗೆಳೆಯರು ಅವನು ಹುಟ್ಟಿದ ಮನೆಯಲ್ಲಿ ಸೇರಿ ಊಟ ಮಾಡಿ ಪದ್ಯ ಓದಿದರು. ಇಂದು ಸ್ಕಾಟ್ ಜನ ಎಲ್ಲಿದ್ದಾರೋ ಅಲ್ಲೆಲ್ಲ ಜನವರಿಯ ಆ ರಾತ್ರಿ ಊಟವೂ ಹಾಡೂ ನಡೆಯುತ್ತವೆ. ಐರ್ಲೆಂಡಿನ ಡಬ್ಲಿನ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೇಮ್ಸ್ ಜಾಯ್ಸ್‌ನ ‘ಯೂಲಿಸಿಸ್’ ಕಾದಂಬರಿ ನಡೆಯುವುದು 1904ರ ಜೂನ್ 16ರಂದು. ಪ್ರತಿ ವರ್ಷ ಆ ದಿನ ಓದುಗರು ಕಾದಂಬರಿಯ ಬೀದಿಗಳಲ್ಲೇ ನಡೆಯುತ್ತಾರೆ. ಅದರಲ್ಲಿ ಬರುವ ಔಷಧಿ ಅಂಗಡಿ ಈಗ ಔಷಧಿ ಮಾರುವುದಿಲ್ಲ. ಸ್ವಯಂಸೇವಕರು ಅಲ್ಲಿ ಕೂತು ಜಾಯ್ಸ್‌ನನ್ನು ಗಟ್ಟಿಯಾಗಿ ಓದುತ್ತಾರೆ. ಕಥಾನಾಯಕನ ಮನೆಯನ್ನು ಮಾತ್ರ ಊರು ಉಳಿಸಿಕೊಳ್ಳಲಿಲ್ಲ. ಕೆಡವಿದ ಮನೆಯ ಬಾಗಿಲೊಂದು ಜಾಯ್ಸ್ ಕೇಂದ್ರದಲ್ಲಿ ನಿಂತಿದೆ.

ಮನೆ ಉಳಿಸಿಕೊಂಡ ಊರು ನಮ್ಮಲ್ಲಿ ಮೇಲುಕೋಟೆ. ಪಾಂಡವಪುರ ತಾಲ್ಲೂಕಿನ ಈ ಬೆಟ್ಟದೂರಿನಲ್ಲಿ 1905ರ ಮಾರ್ಚ್ 17ರಂದು ಪು.ತಿ. ನರಸಿಂಹಾಚಾರ್ (ಪುತಿನ) ಹುಟ್ಟಿದರು. ಅವರ ಮನೆ ಇಂದು ಸ್ಮಾರಕ. ಕವಿಯ ಹೆಸರಿನಲ್ಲಿ ಒಂದು ಟ್ರಸ್ಟ್ ಇದೆ. ಸಭೆ, ನಾಟಕಗಳಿಗೆ ಪುತಿನ ಕಲಾಮಂದಿರವಿದೆ. ಆದರೂ ನನ್ನ ಮಟ್ಟಿಗೆ ಮೇಲುಕೋಟೆಯಿಡೀ ಅವರ ಮನೆ. ಮೈಸೂರು ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ ಬಹುಕಾಲ ದುಡಿದ ಈ ಮನುಷ್ಯ, ಬೆಂಗಳೂರಿನಲ್ಲಿದ್ದುಕೊಂಡೇ ತಮ್ಮ ಬೆಟ್ಟವನ್ನು ಬರೆಯುತ್ತ ಹೋದರು. ‘ಹಣತೆ’ 1933ರಲ್ಲಿ ಬಂದ ಮೊದಲ ಸಂಕಲನ. ಇನ್ನೊಂದು ಸಂಕಲನಕ್ಕೆ ‘ಮಲೆದೇಗುಲ’ ಎಂದೇ ಹೆಸರು. ಕಲ್ಯಾಣಿಯ ಕಲ್ಲುಮೆಟ್ಟಿಲ ಮೇಲೆ ಕೂತು ಎದುರಿಗೆ ತಲೆಯೆತ್ತಿ ನೋಡಿದರೆ ಯೋಗನರಸಿಂಹನ ಗುಡಿ ಬಂಡೆಯ ನೆತ್ತಿಯಲ್ಲಿ ಕಾಣುತ್ತದೆ. ಆ ಹೆಸರು ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಪುತಿನ ಸ್ಮಾರಕ ಎಂದರೆ ಒಂದು ಮನೆಯ ಗೋಡೆಗೆ ಸುಣ್ಣ ಬಳಿಯುವ ಮಾತಲ್ಲ. ಕಲ್ಯಾಣಿಯ ನೀರು, ಅದರ ಸುತ್ತಲ ಮಂಟಪ, ಸಿನಿಮಾ ಹಾಡುಗಳಿಂದಲೇ ಹೆಚ್ಚು ಜನಕ್ಕೆ ಪರಿಚಯವಾದ ರಾಯಗೋಪುರ, ಹಳೆಯ ಬೀದಿಗಳ ಜಗುಲಿಗಳು ಎಲ್ಲವೂ ಅದಕ್ಕೆ ಸೇರಿದವು. ಜಗುಲಿಯಿದ್ದ ಕಡೆ ಕಾಂಕ್ರೀಟ್ ಮಳಿಗೆ ಎದ್ದರೆ ಆ ಪದ್ಯಗಳ ಅಷ್ಟು ನೆಲ ಹೋದ ಹಾಗೆ.

ಪುತಿನ ಗೀತನಾಟಕಗಳಿಗೂ ಈ ಊರೇ ತಕ್ಕ ರಂಗ. ಕೃಷ್ಣ ಕೊಳಲನ್ನೂ ಗೋಕುಲವನ್ನೂ ಬಿಟ್ಟು ಮಧುರೆಗೆ ಹೊರಡುವ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದಿದ್ದರು. ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಳಿವಯಸ್ಸಿನ ಮಹಾಕಾವ್ಯ ‘ಶ್ರೀಹರಿಚರಿತೆ’ಗೆ ಪಂಪ ಪ್ರಶಸ್ತಿ. ವೈರಮುಡಿ ಉತ್ಸವ ಬರುವುದು ಕವಿಯ ಹುಟ್ಟುಹಬ್ಬದ ಆಸುಪಾಸಿನಲ್ಲೇ, ಫಾಲ್ಗುಣದಲ್ಲಿ. ಚೆಲುವನಾರಾಯಣನ ಕಿರೀಟ ನೋಡಲು ರಾತ್ರಿಯಿಡೀ ಕಾಯುವ ಜನಸಾಗರಕ್ಕೆ ಒಂದು ಸಂಜೆ ಮೊದಲು ಗೀತನಾಟಕ ತೋರಿಸಿದರೆ ಎಷ್ಟು ಚೆನ್ನ!

ಕೃಷ್ಣರಾಜಪೇಟೆ ತಾಲ್ಲೂಕಿನ ಇನ್ನೊಂದು ತುದಿಯಲ್ಲಿ, ಹೇಮಾವತಿಯ ದಡದ ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರ ಊರು. ‘ಹಗಲುಗನಸುಗಳು’, ‘ದೇವರು’ ಬರೆದ ಅವರು ನೂರು ದಾಟಿ ಬದುಕಿದರು. ನಾಗಮಂಗಲದ ಬೆಳ್ಳೂರು ಕವಿ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ‘ಬಿ’ಯಲ್ಲೇ ಇದೆ.

ನಾಗಮಂಗಲ ತಾಲ್ಲೂಕಿನದೇ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಉಳಿಸುವ ಕೆಲಸವನ್ನೇ ಬದುಕಾಗಿಸಿಕೊಂಡವರು. ಐಎಎಸ್ ಅಧಿಕಾರಿಯಾಗಿದ್ದ ಅವರು ಜನಪದ ಹಾಡುಗಳನ್ನು ದಾಖಲಿಸಿದರು, ಹಳ್ಳಿಮನೆಗಳ ಪಾತ್ರೆ ಪರಿಕರ, ತೊಗಲುಗೊಂಬೆಗಳನ್ನು ಕೂಡಿಹಾಕಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ನರಸಿಂಹಸ್ವಾಮಿಯವರ ಕವಿತೆಯಲ್ಲಿ ಬರುವ ಶಾನುಭೋಗರು, ಬಳೆಗಾರ ಈಗ ಊರುಗಳಲ್ಲಿ ಕಾಣುವುದಿಲ್ಲ. ಮಲಾರ ಹೊತ್ತು ಹಟ್ಟಿಗೆ ಬರುತ್ತಿದ್ದ ಬಳೆಗಾರನನ್ನು ಕಾಣದ ಮಗುವಿಗೆ ಆ ಪದ್ಯ ತಿಳಿಸುವಾಗ ನಾಗೇಗೌಡರಂಥವರು ಮಾಡಿದ ಕೆಲಸದ ಬೆಲೆ ಗೊತ್ತಾಗುತ್ತದೆ.

ಶ್ರೀರಂಗಪಟ್ಟಣದ್ದು ಇನ್ನೂ ಹಳೆಯ ಕಥೆ. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ ಇಲ್ಲಿನ ಅರಮನೆಯ ನವರಾತ್ರಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತದೆ. ಚಿಕ್ಕದೇವರಾಜರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯರಿದ್ದರು. ಪಟ್ಟಣದಲ್ಲಿ ದಸರಾ ಈಗಲೂ ನಡೆಯುತ್ತದೆ. ಆ ವೇದಿಕೆಯಲ್ಲಿ ಗಮಕಿಯೊಬ್ಬರಿಂದ ಗೋವಿಂದವೈದ್ಯನ ನವರಾತ್ರಿಯ ಭಾಗವನ್ನು ಓದಿಸಲಿ, ಕೇಳುವುದಕ್ಕೆ ತಾಲ್ಲೂಕಿನ ಹೈಸ್ಕೂಲು ಮಕ್ಕಳನ್ನು ಮುಂದಿನ ಸಾಲಿನಲ್ಲೇ ಕೂರಿಸಲಿ.