ಮೊಮ್ಮಗಳ ಟ್ಯಾಬ್, ನನ್ನ ಟ್ಯಾಬ್

ತಂಬ್ರಹಳ್ಳಿಯ ನಮ್ಮ ಮನೆಯಲ್ಲಿ ಕಳೆದ ಭಾನುವಾರ ರಾತ್ರಿ ಊಟಕ್ಕೆ ಕರೆದರೂ ಮೊಮ್ಮಗಳು ಏಳಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಮ್ಮ ಎಮ್ಮೆ ದಿನವೂ ಕೊಡುವ ಹಾಲನ್ನು ಕೂಡಿಸಿ ವಾರದ ಒಟ್ಟು ಹೇಳುವ ಪುಟ್ಟ ಪೈಥಾನ್ ಪ್ರೋಗ್ರಾಂ. ಮನೆಯಲ್ಲಿ ಶುರುಮಾಡಿ ಶಾಲೆಯ ಲ್ಯಾಬಿನಲ್ಲಿ ಮುಂದುವರಿಸಿದ್ದಳು. ಬೆಳಗಾದರೆ ತರಗತಿಯಲ್ಲಿ ತೋರಿಸಬೇಕು. ಓಡಿಸಿದರೆ, ಸಾಲಿನ ಮುಂದಿನ ಜಾಗ ಹೊಂದುತ್ತಿಲ್ಲ ಎಂಬ ತಕರಾರು.

“ಎಲ್ಲಾ ನೆಟ್ಟಗೇ ಇದೆಯಲ್ಲ ತಾತಾ?”

ನನಗೂ ನೆಟ್ಟಗೇ ಕಂಡಿತು. ಪ್ರೋಗ್ರಾಂ ನನಗೆ ತಿಳಿಯದು, ಆದರೆ ಟ್ಯಾಬ್ ಕೀಲಿ ಗೊತ್ತು. ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವನು ನಾನು. ಟೈಪ್‌ರೈಟರಿನಲ್ಲಿ ಬೇಕಾದ ಕಡೆ ತಡೆ ಇಟ್ಟುಕೊಂಡು ಟ್ಯಾಬ್ ಒತ್ತಿದರೆ ಕ್ಯಾರೇಜ್ ಸರ್ರನೆ ಓಡಿ ಅಲ್ಲೇ ಟಕ್ಕೆಂದು ನಿಲ್ಲುತ್ತಿತ್ತು. ಸಂಬಳದ ಪಟ್ಟಿಯ ಅಂಕಿಗಳು ಒಂದರ ಕೆಳಗೊಂದು ಕೂರುತ್ತಿದ್ದುದು ಹಾಗೆ. ಕಂಪ್ಯೂಟರಿನ ಟ್ಯಾಬ್ ಬಂದದ್ದೂ ಅಲ್ಲಿಂದಲೇ. ತಡೆ ಸರಿಸಿದರೆ ಅದೇ ಟ್ಯಾಬ್ ಬೇರೆ ಕಡೆ ನಿಲ್ಲುತ್ತದೆ.

“ಶಾಲೆಯಲ್ಲಿ ಟ್ಯಾಬ್ ಒತ್ತಿದ್ದೆಯಾ, ಸ್ಪೇಸ್ ಒತ್ತಿದ್ದೆಯಾ?” ಎಂದೆ. ಗಂಟು ಅಲ್ಲೇ ಇತ್ತು.

ಟ್ಯಾಬ್ ಒಂದೇ ಅಕ್ಷರ. ಅದನ್ನು 2, 4 ಅಥವಾ 8 ಸ್ಪೇಸಿನ ಅಗಲಕ್ಕೆ ತೋರಿಸುವುದು ಎಡಿಟರಿನ ಇಷ್ಟ. ಶಾಲೆಯ ಸಾಲುಗಳಲ್ಲಿ ಟ್ಯಾಬ್, ಮನೆಯ ಸಾಲುಗಳಲ್ಲಿ ನಾಲ್ಕು ಸ್ಪೇಸ್. ಕಣ್ಣಿಗೆ ಒಂದೇ, ಪೈಥಾನಿಗೆ ಬೇರೆ ಬೇರೆ. ಒಂದೇ ಹೊಲವನ್ನು ಎರಡು ಅಳತೆಯ ಕೂರಿಗೆಯಲ್ಲಿ ಬಿತ್ತಿ ಎಡೆಕುಂಟೆ ಹೊಡೆದರೆ ಬೆಳೆಯೇ ಕಿತ್ತು ಬರುತ್ತದಲ್ಲ, ಹಾಗಾಗಿತ್ತು. ಎಷ್ಟೋ ಭಾಷೆಗಳಲ್ಲಿ ಈ ಜಾಗ ಓದುವವರ ಅನುಕೂಲಕ್ಕೆ ಮಾತ್ರ. 1991ರಲ್ಲಿ ಗೈಡೊ ವಾನ್ ರಾಸಮ್ ಹೊರತಂದ ಪೈಥಾನಿನಲ್ಲಿ ಜಾಗಕ್ಕೇ ಅರ್ಥವಿದೆ.

ಎಡಿಟರಿನ ಸೆಟ್ಟಿಂಗ್ಸ್ ತೆರೆದು ಟ್ಯಾಬ್ ಅಳತೆ 4, ಟ್ಯಾಬ್ ಬದಲು ಸ್ಪೇಸ್ ಎಂದು ಆರಿಸಿದಳು. ಆದರೂ ಹೊಸ ಸಾಲಿಗೆ ಟ್ಯಾಬೇ ಬಂತು! ಫೈಲಿನಲ್ಲಿ ಮೊದಲೇ ಇರುವುದನ್ನು ಗುರುತಿಸಿ ಅದನ್ನೇ ಅನುಸರಿಸುವ ಇನ್ನೊಂದು ಆಯ್ಕೆ ಚಾಲೂ ಇತ್ತು. ಅದನ್ನು ಆರಿಸಿ, ಹಳೆಯ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿದಳು. (ವಿಎಸ್ ಕೋಡ್ ಬಳಸುವ ಮಕ್ಕಳೇ, ಕೆಳಗೆ ಬಲಮೂಲೆಯಲ್ಲಿ ಸ್ಪೇಸ್ ಲೆಕ್ಕ ಕಾಣುತ್ತದೆ. ಅದನ್ನು ಒತ್ತಿದರೆ ಈ ಬದಲಾವಣೆಯ ಆಯ್ಕೆ ಸಿಗುತ್ತದೆ.) ಪೈಥಾನಿನ ಶೈಲಿ ಕೈಪಿಡಿ ‘ಪೆಪ್ 8’ ನಾಲ್ಕು ಸ್ಪೇಸ್ ಎನ್ನುತ್ತದೆ. ಲಿನಕ್ಸ್ ಕರ್ನಲ್ ಬರೆಯುವವರದು 8 ಅಗಲದ ಟ್ಯಾಬ್. ಆ ಜಗಳ ನನಗೆ ಬೇಡ.

ಈಗ ಪ್ರೋಗ್ರಾಂ ಓಡಿತು. ಆದರೆ ಒಂದು ಒಟ್ಟಿನ ಬದಲು ಏಳು! ಕೋಲನ್ ಬಂದ ಮೇಲೆ ಎಂಟರ್ ಒತ್ತಿದರೆ ಎಡಿಟರ್ ತಾನೇ ಒಂದು ಹೆಜ್ಜೆ ಒಳಗೆ ಹೋಗುತ್ತದೆ. ಮುಂದಿನ ಸಾಲುಗಳೂ ಅಲ್ಲೇ ನಿಲ್ಲುತ್ತವೆ. ಏಳು ದಿನದ ಲೂಪ್ ಮುಗಿಯಿತೆಂದು ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು? ಒಟ್ಟು ತೋರಿಸುವ ಸಾಲು ಲೂಪಿನ ಒಳಗೇ ಉಳಿದಿತ್ತು. ಅದನ್ನು ಅಂಚಿಗೆ ಎಳೆದಳು.

“41 ಲೀಟರ್!” ಎಂದು ಕೂಗಿದಳು.

ಒಳಗಿನಿಂದ ಅವಳ ಅಜ್ಜಿಯ ದನಿ ಬಂತು: “ಗುರುವಾರ ಪಕ್ಕದ ಮನೆಗೆ ಕೊಟ್ಟ ಎರಡು ಲೀಟರ್ ಸೇರಿಸಿದೆಯೇನೇ?”