ಕರುಳೋ ಮೂಳೆಯೋ? ಅಂಗರಚನಾ ಪದಗಳ ಉಚ್ಚಾರಣೆ

ಸಣ್ಣಕರುಳಿನ ಕೊನೆಯ ಭಾಗಕ್ಕೆ ಇಲಿಯಮ್ ಎಂದು ಹೆಸರು. ಸೊಂಟದ ಅಗಲವಾದ ಮೂಳೆಯ ಹೆಸರೂ ಇಲಿಯಮ್. ಇಂಗ್ಲಿಷ್ ಬರವಣಿಗೆಯಲ್ಲಿ ಇವೆರಡಕ್ಕೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಮೂರನೆಯ ಅಕ್ಷರ 'ಐ' ಆಗಿದ್ದರೆ ಮೂಳೆ, 'ಇ' ಆಗಿದ್ದರೆ ಕರುಳು. ಕನ್ನಡ ಲಿಪಿಗೆ ಬಂದಾಗ ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಇದು ಕೇವಲ ಪರೀಕ್ಷೆಯ ಅಂಕಗಳ ವಿಚಾರವಲ್ಲ. ಟೈಫಾಯ್ಡ್ ಉಲ್ಬಣಿಸಿದರೆ ರಂಧ್ರ ಬೀಳುವುದು ಸಾಮಾನ್ಯವಾಗಿ ಕರುಳಿನ ಇಲಿಯಮ್‌ನಲ್ಲಿ. ಅದೇ ರೋಗವನ್ನು ಖಚಿತಪಡಿಸಿಕೊಳ್ಳಲು ಮೂಳೆಮಜ್ಜೆಯನ್ನು ತೆಗೆಯಬೇಕಾದರೆ, ಸಾಮಾನ್ಯವಾಗಿ ಸೂಜಿ ಚುಚ್ಚುವುದು ಸೊಂಟದ ಇಲಿಯಮ್‌ಗೆ. ಒಬ್ಬನೇ ರೋಗಿಯ ವಿಷಯದಲ್ಲಿ ಎರಡೂ ಪದಗಳು ಬರಬಹುದು!

ಭೌತಶಾಸ್ತ್ರದವನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಉಚ್ಚಾರಣೆ ಎಂದರೆ ಧ್ವನಿ ತಾನೆ? ಇಂಗ್ಲಿಷಿನಲ್ಲಿ ಪದದ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಅದು ಹೆಚ್ಚು ಜೋರಾಗಿಯೂ ಹೆಚ್ಚು ಕಾಲವೂ ಕೇಳಿಸುತ್ತದೆ. ಉಳಿದ ಅಕ್ಷರಗಳ ಸ್ವರಗಳು ಕುಗ್ಗಿ ಒಂದೇ ಬಗೆಯ ಮಸುಕು ಸ್ವರವಾಗುತ್ತವೆ. ಗುಪ್ತಾಂಗ ಮತ್ತು ಗುದದ ನಡುವಣ ಭಾಗಕ್ಕೆ ಸಂಬಂಧಿಸಿದ್ದು ಪೆರಿನಿಯಲ್; ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ನರ ಪೆರೋನಿಯಲ್. ಎರಡರಲ್ಲೂ ಒತ್ತು 'ನಿ' ಮೇಲಿದೆ. ಹಾಗಾಗಿ ವ್ಯತ್ಯಾಸ ತೋರಬೇಕಾದ 'ರಿ', 'ರೋ'ಗಳೇ ಮಸುಕಾಗುತ್ತವೆ. 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪದಪಟ್ಟಿ 'ಟರ್ಮಿನೊಲೊಜಿಯ ಅನಟಾಮಿಕ' ಈ ನರಕ್ಕೆ 'ಫಿಬ್ಯುಲರ್' ಎಂಬ ಹೆಸರನ್ನು ಮುಂದಿಟ್ಟಿತು. ಹಳೆಯ ಹೆಸರು ಇನ್ನೂ ಬಳಕೆಯಲ್ಲಿದೆ.

ಒತ್ತು ಎಲ್ಲಿ ಬೀಳುತ್ತದೆ? ಛಂದಸ್ಸು ಕಲಿತ ಕನ್ನಡ ವಿದ್ಯಾರ್ಥಿಗೆ ಇದು ಬಹಳ ಸುಲಭ. ಲ್ಯಾಟಿನ್ ಪದದಲ್ಲಿ ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಒತ್ತು ಅದರ ಮೇಲೆ. ಲಘುವಾದರೆ ಅದರ ಹಿಂದಿನ ಅಕ್ಷರದ ಮೇಲೆ. 'ಪಟೆಲ್ಲ'ದಲ್ಲಿ 'ಟೆ' ಗುರು, ಒತ್ತು ಅಲ್ಲಿ. 'ಸ್ಕ್ಯಾಪುಲ'ದಲ್ಲಿ 'ಪು' ಲಘು, ಆದ್ದರಿಂದ ಒತ್ತು 'ಸ್ಕ್ಯಾ' ಮೇಲೆ. 'ಮ್ಯಾಕ್ಸಿಲ್ಲ', 'ರೆಟಿನ'ಗಳನ್ನು ನೀವೇ ಪ್ರಯತ್ನಿಸಿ. ಇಂಗ್ಲಿಷ್ ರೂಪಕ್ಕೆ ತಿರುಗಿದ ಪದಗಳು ಈ ನಿಯಮಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. 'ಕ್ಯಾಪಿಲರಿ'ಯಲ್ಲಿ ಬ್ರಿಟಿಷರು 'ಪಿ'ಯನ್ನು ಒತ್ತುತ್ತಾರೆ, ಅಮೆರಿಕನ್ನರು ಮೊದಲ ಅಕ್ಷರವನ್ನು. ಇಂಥಲ್ಲಿ ವಿದ್ಯಾರ್ಥಿಯನ್ನು ತಿದ್ದಲು ಹೋಗಬೇಡಿ.

ಗ್ರೀಕ್ ಮೂಲದ ಪದಗಳಲ್ಲಿ 'ಸಿ-ಎಚ್' ಜೋಡಿಗೆ 'ಕ' ಧ್ವನಿ: ಟ್ರೇಕಿಯ, ಕೋರಾಯ್ಡ್, ಕೈಮ್. 'ಟ್ರೇಚಿಯ' ಸಲ್ಲದು. ಬೆನ್ನುಮೂಳೆಯ ತುದಿಯ ಕಾಕ್ಸಿಕ್ಸ್‌ನಲ್ಲಿ ಅಕ್ಕಪಕ್ಕದ ಎರಡು 'ಸಿ'ಗಳಲ್ಲಿ ಮೊದಲನೆಯದು 'ಕ್', ಎರಡನೆಯದು 'ಸ್'. ಕೋಗಿಲೆಯ ಕೊಕ್ಕಿನಂತೆ ಬಾಗಿದೆ ಎಂದು ಗ್ರೀಕರು ಕೊಟ್ಟ ಹೆಸರದು. ಅವರ 'ಕೊಕ್ಕುಕ್ಸ್', ನಮ್ಮ 'ಕೋಗಿಲೆ' ಎರಡರಲ್ಲೂ ಹಕ್ಕಿಯ ಕೂಗೇ ಕೇಳಿಸುತ್ತದೆಯಲ್ಲವೆ?

ಕನ್ನಡ ಪದಗಳಲ್ಲಿ ತೊಡಕಿಲ್ಲವೆಂದಲ್ಲ. ನಮ್ಮ ಪಠ್ಯಗಳಲ್ಲಿ ಹೃದಯದಿಂದ ರಕ್ತ ಒಯ್ಯುವ ನಾಳ ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಐವತ್ತು ಮಕ್ಕಳ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವುದು 'ಧಮನಿ' ಮಾತ್ರ. ಉಪಸರ್ಗಗಳನ್ನು ಕೈಬಿಟ್ಟು ಧಮನಿ, ಸಿರೆ ಎಂದರೆ ಗೊಂದಲವೇ ಇರದು ಎಂಬುದು ನನ್ನ ಅಭಿಪ್ರಾಯ. ಪಠ್ಯಪುಸ್ತಕ ಬದಲಾಗುವವರೆಗೆ ಎರಡನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಿ.

ಇಲಿಯಮ್‌ಗಳ ವಿಷಯಕ್ಕೆ ಬಂದರೆ, ವಿಶೇಷಣ ರೂಪಗಳು ನೆರವಾಗುತ್ತವೆ: ಮೂಳೆಯದು ಇಲಿಯಾಕ್, ಕರುಳಿನದು ಇಲಿಯಲ್. ಬಾಯಲ್ಲಿ ಹೇಳುವಾಗಲಂತೂ 'ಕರುಳಿನ ಇಲಿಯಮ್', 'ಸೊಂಟದ ಇಲಿಯಮ್' ಎಂದೇ ಹೇಳಿ. ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೆ.