ಗಾಯಗೊಂಡ ಹೇಂಟೆಯ ಆರೈಕೆಯೂ ಅದನ್ನು ಹಿಂಡಿಗೆ ಮರಳಿ ಸೇರಿಸುವ ಕ್ರಮವೂ

ಗ್ರಾಮಗಳಲ್ಲಿ ಹಿತ್ತಲ ಕೋಳಿಗಳಿಂದ ಬರುವ ಆದಾಯವು ಬಹುಮಟ್ಟಿಗೆ ಮನೆಯ ಹೆಂಗಸರ ಕೈ ಸೇರತಕ್ಕದ್ದು. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮೊದಲಾದ ಸಣ್ಣ ವೆಚ್ಚಗಳು ಮೊಟ್ಟೆಯ ಹಣದಿಂದಲೇ ನಡೆಯುವ ಮನೆಗಳು ಅನೇಕವುಂಟು. ಹೀಗಿರುವಲ್ಲಿ, ಚೆನ್ನಾಗಿ ಕಾವು ಕೂತು ಮರಿಗಳನ್ನು ಸಾಕಬಲ್ಲ ಹೇಂಟೆಯೊಂದು ನಾಯಿಯ ಅಥವಾ ಮುಂಗುಸಿಯ ಬಾಯಿಂದ ತಪ್ಪಿಸಿಕೊಂಡು ಬಂದರೆ, ಅದು ಹೇಗೂ ಉಳಿಯದೆಂದು ಕೊಯ್ದುಬಿಡುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇಂಥ ಕೋಳಿಗಳಲ್ಲಿ ಬದುಕತಕ್ಕವು ಅನೇಕ. ಅವು ಸಾಯುವುದು ಎಷ್ಟೋ ವೇಳೆ ಗಾಯದಿಂದಲ್ಲ. ಗಾಯವಾದೊಡನೆ ಹಿಂಡಿನಲ್ಲಿಯೇ ಬಿಡುವುದು, ವಾಸಿಯಾದ ಮೇಲೆ ಒಮ್ಮೆಗೇ ಹಿಂಡಿಗೆ ತಳ್ಳುವುದು, ಈ ಎರಡು ತಪ್ಪುಗಳಿಂದ.

ರಕ್ತದ ಕೆಂಪನ್ನು ಕಂಡೊಡನೆ ಜೊತೆಯ ಕೋಳಿಗಳೇ ಗಾಯವನ್ನು ಕುಕ್ಕಲಾರಂಭಿಸಿ, ಒಂದೇ ಹಗಲಿನಲ್ಲಿ ಕೊಂದುಹಾಕುವುದುಂಟು. ಆದುದರಿಂದ ಗಾಯಗೊಂಡ ಹೇಂಟೆಯನ್ನು ತಕ್ಷಣವೇ ಬೇರ್ಪಡಿಸಿ, ಒಣಹುಲ್ಲು ಹಾಸಿದ ಪಂಜರದಲ್ಲಿ, ಬೆಚ್ಚಗಿರುವ ನಿಶ್ಶಬ್ದವಾದ ಸ್ಥಳದಲ್ಲಿಡತಕ್ಕದ್ದು.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ಹಲ್ಲಿನ ಗುರುತುಗಳು ಗರಿಗಳ ಅಡಿಯಲ್ಲಿ ಮರೆಯಾಗಿರುವುದರಿಂದ ಬೆನ್ನು, ತೊಡೆ, ರೆಕ್ಕೆಯ ಒಳಭಾಗಗಳನ್ನು ಬಿಡಿಸಿ ನೋಡತಕ್ಕದ್ದು. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಸಣ್ಣ ಚಮಚ ಉಪ್ಪನ್ನು ಕರಗಿಸಿ ಗಾಯವನ್ನು ತೊಳೆದು, ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರಿನಿಂದ ತಿಳಿಮಾಡಿ ಹಚ್ಚಬೇಕು. ಸೀಮೆಎಣ್ಣೆ, ಮೆಣಸಿನಪುಡಿ, ಒಲೆಯ ಬೂದಿ ಇವುಗಳನ್ನು ತುಂಬುವುದು ಹಾನಿಕರ. ನೊಣದ ಮೊಟ್ಟೆಗಳು ಒಂದು ದಿನದೊಳಗೇ ಹುಳುಗಳಾಗಬಲ್ಲವಾದುದರಿಂದ ಪಂಜರಕ್ಕೆ ತೆಳುಬಟ್ಟೆ ಹೊದಿಸಿ, ದಿನಕ್ಕೆ ಎರಡಾವರ್ತಿ ಗಾಯವನ್ನು ಪರೀಕ್ಷಿಸಬೇಕು. ಕುಡಿಯುವ ನೀರು ಸದಾ ಎದುರಿಗಿರಲಿ; ನೆನೆಸಿದ ನುಚ್ಚು, ಬೇಯಿಸಿದ ಮೊಟ್ಟೆ ಇವು ಯೋಗ್ಯವಾದ ಆಹಾರ.

ಎರಡು ಮೂರು ದಿನಗಳಲ್ಲಿ ಪೆಟ್ಟಾದೆಡೆಯ ಚರ್ಮವು ಹಸುರಾದರೆ ಹೆದರಬೇಕಾದುದಿಲ್ಲ. ಒಳಗೆ ಸೋರಿದ ರಕ್ತವು ಕರಗುವಾಗ ಕೋಳಿಗಳಲ್ಲಿ ಆ ಬಣ್ಣವು ಸಹಜ. ದುರ್ಗಂಧ ಹುಟ್ಟಿದರೆ, ಮೂಳೆ ಮುರಿದಿದ್ದರೆ, ತಿಂದ ಕಾಳು ಗಾಯದಿಂದ ಹೊರಬಂದರೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಅವರು ಔಷಧವನ್ನು ಕೊಟ್ಟಲ್ಲಿ, ಎಷ್ಟು ದಿನ ಮೊಟ್ಟೆಯನ್ನು ತಿನ್ನಬಾರದೆಂಬುದನ್ನೂ ಕೇಳಿಕೊಳ್ಳಬೇಕು. ಗಾಯವೇ ಇಲ್ಲದೆ ಕತ್ತು ತಿರುಚಿಕೊಂಡು ಕಾಲೆಳೆಯುವ ಕೋಳಿಯಲ್ಲಿ ರಾಣಿಖೇತ್ ರೋಗವನ್ನು ಶಂಕಿಸಿ, ಉಳಿದವುಗಳಿಂದ ದೂರವಿಟ್ಟು ಪಶುವೈದ್ಯಶಾಲೆಗೆ ತಿಳಿಸಬೇಕು.

ಇನ್ನು ಹಿಂಡಿಗೆ ಸೇರಿಸುವ ವಿಚಾರ. ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಒಂದು ಕಟ್ಟಳೆಯುಂಟು. ನಾರ್ವೆ ದೇಶದ ಷೆಲ್ಡರುಪ್-ಎಬ್ಬೆ ಎಂಬ ವಿದ್ವಾಂಸನು 1921ರಲ್ಲಿ ಇದನ್ನು ವಿವರಿಸಿದನು. ಬಹುದಿನ ಕಣ್ಮರೆಯಾದ ಹೇಂಟೆಯು ಮರಳಿದಾಗ ಉಳಿದವುಗಳಿಗೆ ಹೊಸಬಳಂತೆಯೇ ತೋರುವುದು. ಅದು ತನ್ನ ಸ್ಥಾನಕ್ಕಾಗಿ ಮತ್ತೆ ಹೋರಾಡಬೇಕಾಗುವುದು. ಆದಕಾರಣ ರಕ್ತ ನಿಂತು ಮೇವು ತಿನ್ನತೊಡಗಿದ ಮೇಲೆ, ಪಂಜರವನ್ನು ಹಗಲಿನಲ್ಲಿ ಹಿಂಡು ಮೇಯುವ ಅಂಗಳದಲ್ಲಿಯೇ ಇಟ್ಟು, ಒಳಗೂ ಹೊರಗೂ ಏಕಕಾಲಕ್ಕೆ ಕಾಳು ಚೆಲ್ಲತಕ್ಕದ್ದು. ಸಾಧುವಾದ ಇನ್ನೊಂದು ಹೇಂಟೆಯನ್ನು ಕೊನೆಯ ದಿನಗಳಲ್ಲಿ ಜೊತೆಗಿಟ್ಟರೆ ಇನ್ನೂ ಉತ್ತಮ.

ಗಾಯವು ಒಣಗಿ, ಕೆಂಪು ಕಾಣದಂತಾದ ಬಳಿಕವೇ ಹೊರಗೆ ಬಿಡಬೇಕು. ಕತ್ತಲಾದ ಮೇಲೆ ಗೂಡಿನಲ್ಲಿ ಉಳಿದವುಗಳ ಪಕ್ಕದಲ್ಲಿ ಕೂರಿಸಿ, ಮರುದಿನ ಬೆಳಗಾಗುತ್ತಲೇ ಕಾವಲಿರತಕ್ಕದ್ದು. ಮೇವನ್ನೂ ನೀರನ್ನೂ ಎರಡು ಮೂರು ಕಡೆ ಇಡಬೇಕು. ಒಂದೆರಡು ಕುಕ್ಕುಗಳಿಗೆ ನಡುವೆ ಬೀಳಬೇಕಾದುದಿಲ್ಲ. ರಕ್ತ ಕಂಡರೆ ಮಾತ್ರ ಮತ್ತೆ ಬೇರ್ಪಡಿಸಬೇಕು. ಒಂದೇ ಕೋಳಿಯು ಬಿಡದೆ ಪೀಡಿಸುತ್ತಿದ್ದರೆ ಪೀಡಿಸುವುದನ್ನೇ ಮೂರು ನಾಲ್ಕು ದಿನ ಪಂಜರದಲ್ಲಿ ಮುಚ್ಚತಕ್ಕದ್ದು. ಅದು ಹೊರಬರುವ ವೇಳೆಗೆ ಗುಣವಾದ ಹೇಂಟೆಯು ಹಿಂಡಿನಲ್ಲಿ ನೆಲೆಗೊಂಡಿರುವುದು.

ಪಟೇಲರೂ ಭೂಮಾಲೀಕರೂ ಈ ಕ್ರಮವನ್ನು ತಮ್ಮ ಮನೆಗಳಲ್ಲಿ ಅನುಸರಿಸಿ, ಒಕ್ಕಲುಗಳ ಮನೆಯ ಹೆಂಗಸರಿಗೂ ತಿಳಿಯಹೇಳುವುದು ಯುಕ್ತ. ಗೂಡಿನ ಕಂಡಿಗಳನ್ನು ಮುಚ್ಚಿಸಿ, ಸಂಜೆಗತ್ತಲಿಗೆ ಮೊದಲೇ ಬಾಗಿಲು ಹಾಕುವ ಅಭ್ಯಾಸವನ್ನೂ ಜೊತೆಗೆ ಕಲಿಸಿದರೆ ಇಂಥ ಆರೈಕೆಯ ಅಗತ್ಯವೇ ಕಡಿಮೆಯಾಗುವುದು. ಒಂದು ಹೇಂಟೆಯ ಬೆಲೆ ಶ್ರೀಮಂತನಿಗೆ ಅಲ್ಪವಾಗಿ ತೋರಬಹುದು. ಎರಡೇ ಕೋಳಿಗಳಿರುವ ಬಡವಳಿಗೆ ಅದು ಬಂಡವಾಳದ ಅರ್ಧ.